ಮಡಿಯೂ ಸಾಬೂನೂ

ಮಡಿಯೆಂಬ ಶಬ್ದವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಎಣಿಸಿಕೊಂಡಿದ್ದೆನು. ವ್ಯಾಕರಣದ ದೃಷ್ಟಿಯಿಂದ ಬರೆಯಬಹುದಾಗಿದ್ದಿತು. ಧರ್ಮಶಾಸ್ತ್ರದ ದೃಷ್ಟಿಯಿಂದ ಬರೆಯಲು ಪಾಠಶಾಲೆಯಲ್ಲಿ ಕಲಿತ ಸ್ವಲ್ಪ ಸಾಮಗ್ರಿಯೂ ನನ್ನಲ್ಲುಂಟು. ಆದರೆ ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಹುಟ್ಟಿದುದು ಗ್ರಂಥದಿಂದಲ್ಲ, ಒಗೆದ ಬಟ್ಟೆಯ ಒಂದು ಗಂಟಿನಿಂದ. ಆದುದರಿಂದ ಆ ಗಂಟನ್ನೇ ಮೊದಲು ಬಿಚ್ಚುವೆನು. ನಡುವೆ ರಸಾಯನಶಾಸ್ತ್ರದ ಮಾತು ಸ್ವಲ್ಪ ಬರುವುದು. ಸಂಸ್ಕೃತ ಮೇಷ್ಟರಿಗೆ ಇದೇಕೆಂದು ವಾಚಕರು ನಗಬಾರದು.

ಕುರುಗೋಡಿನ ನಮ್ಮ ಮನೆಗೆ ವಾರಕ್ಕೊಮ್ಮೆ ಮಡಿವಾಳರ ಅಜ್ಜಿಯೊಬ್ಬಳು ಬರುತ್ತಿದ್ದಳು. ಇದು 1960ರ ದಶಕದ ಕೊನೆಯ ಮಾತು. ನನಗಾಗ ಎಂಟು ವರ್ಷ. ಆಕೆ ತಂದ ಗಂಟನ್ನು ಅಂಗಳದಾಚೆಯ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುವಳು. ಆ ಮೇಲೆ ನನ್ನ ತಾಯಿ ಬಂದು, ಹಾಲಿನಂತೆ ಬೆಳ್ಳಗಾಗಿದ್ದ ಆ ಬಟ್ಟೆಗಳನ್ನು ಮತ್ತೆ ಬಾವಿಯ ನೀರಿನಲ್ಲಿ ಜಾಲಾಡಿ, ಗಳುವಿನ ಮೇಲೆ ಹರವುವರು. ಹಾಗೆ ಮಾಡಿದ ಬಳಿಕವೇ ಅವು ಮಡಿ. ಒಮ್ಮೆ ನಾನು ಓಡಿಹೋಗಿ ಗಂಟನ್ನು ಆಕೆಯ ಕೈಯಿಂದಲೇ ತೆಗೆದುಕೊಂಡೆನು. ಉಟ್ಟ ಬಟ್ಟೆಯಲ್ಲೇ ನನಗೆ ಎರಡು ಕೊಡ ತಣ್ಣೀರು ಬಿದ್ದಿತು. ಅದು ಅಷ್ಟು ದೊಡ್ಡ ಸಂಗತಿಯಲ್ಲ. ಮುಂದಿನ ವಾರ ಆಕೆ ಬಂದಾಗ, ಯಾರೂ ಹೇಳಿಕೊಡದೆಯೇ ನಾನು ಬಾಗಿಲಲ್ಲಿ ನಿಂತು, "ದೂರ ನಿಲ್ಲು" ಎಂದೆನು. ಅರವತ್ತು ವರ್ಷದ ಹೆಂಗಸಿಗೆ, ಎಂಟು ವರ್ಷದ ಹುಡುಗ. ಆಕೆ ಸಿಟ್ಟಾಗಲಿಲ್ಲ. "ಆತು ಸಣ್ಣಸ್ವಾಮಿ, ದೂರನೇ ನಿಂದ್ರತೀನಿ" ಎಂದು ನಕ್ಕು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಆ ನಗೆ ಐವತ್ತು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮ ಭಾಷೆಯನ್ನು ನೋಡಿರಿ. ಮಡಿಯನ್ನು ಮಾಡುವವನಿಗೆ ಅದು ಮಡಿವಾಳನೆಂದು ಹೆಸರಿಟ್ಟಿತು. ಆ ಶಬ್ದದ ಮೊದಲರ್ಧವೇ ಮಡಿ. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಯನ್ನು ಒಗೆಯುವುದನ್ನೇ ಕಾಯಕವಾಗಿಸಿಕೊಂಡ ಮಾಚಯ್ಯನು ಆ ಹೆಸರನ್ನು ತನ್ನ ಹೆಸರಿನ ಮುಂದೆ ಬಿರುದಿನಂತೆ ಧರಿಸಿದನು. ಭಾಷೆ ಕೊಟ್ಟ ಮರ್ಯಾದೆಯನ್ನು ಮನೆಗಳು ಮಾತ್ರ ಕೊಡಲಿಲ್ಲ. ಶುಚಿಯಾದುದು ಆಕೆಯ ಕೈಯಿಂದ ಹುಟ್ಟಿ ಬರುವುದು, ಆದರೆ ಆ ಕೈ ಮುಟ್ಟಿದುದರಿಂದಲೇ ಅದು ಅಶುಚಿಯೆನಿಸುವುದು! ತರ್ಕವನ್ನೋದಿದವನಿಗೆ ಇದು ಕಣ್ಣಿಗೆ ಹೊಡೆಯಬೇಕಾಗಿದ್ದಿತು. ನನಗೆ ಬಹುಕಾಲ ಹೊಡೆಯಲಿಲ್ಲ.

ಆ ಅಜ್ಜಿಯ ಮನೆಯವರು ಬಟ್ಟೆಯನ್ನು ಹೇಗೆ ಒಗೆಯುತ್ತಿದ್ದರೆಂಬುದನ್ನು ನಾನು ಹಳ್ಳದ ದಂಡೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಚೌಳು ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದುಕೊಳ್ಳುವರು. ಬಟ್ಟೆಗಳನ್ನು ಆ ತಿಳಿಯಲ್ಲಿ ಅದ್ದಿ ಹಿಂಡಿ, ದೊಡ್ಡ ಬಾನಿಯ ಮೇಲೆ ಸುತ್ತಿ ಪೇರಿಸಿ, ಕೆಳಗೆ ಉರಿಯಿಟ್ಟು ಹಬೆಯಲ್ಲಿ ಬೇಯಿಸುವರು. ಇದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಬೆಳಿಗ್ಗೆ ಆ ಬಟ್ಟೆಗಳನ್ನು ಕಲ್ಲಿಗೆ ಒಗೆದರೆ ನೊರೆ ಬರುತ್ತಿದ್ದಿತು. ಸಾಬೂನು ಹಾಕದೆ ನೊರೆಯೆಲ್ಲಿಂದ ಬಂದಿತು? ಇದು ನನಗೆ ಆಗ ಹೊಳೆಯಲಿಲ್ಲ. ಸಿರುಗುಪ್ಪದ ಶಾಲೆಯಲ್ಲಿ ನನ್ನೊಡನಿದ್ದ ವಿಜ್ಞಾನದ ಉಪಾಧ್ಯಾಯರು ಒಂದು ಸಂಜೆ ವಿವರಿಸಿದರು. ಚೌಳಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್ ಮೊದಲಾದ ಕ್ಷಾರಗಳು. ಬಟ್ಟೆಗೆ ಹತ್ತಿದ ಮೈಯ ಜಿಡ್ಡಿನಲ್ಲಿ ಮೇದಾಮ್ಲಗಳಿರುತ್ತವೆ. ಬಿಸಿಯಲ್ಲಿ ಕ್ಷಾರವು ಈ ಆಮ್ಲಗಳನ್ನು ಕೂಡಿದಾಗ ಹುಟ್ಟುವ ವಸ್ತುವೇ ಸಾಬೂನು. ಎಂದರೆ, ಮಡಿವಾಳನು ಹೊರಗಿನಿಂದ ಸಾಬೂನನ್ನು ತರಲಿಲ್ಲ, ಕೊಳೆಯಿಂದಲೇ ಮಾಡಿದನು. ನಮ್ಮ ಮೈಯ ಜಿಡ್ಡೇ ನಮ್ಮ ಬಟ್ಟೆಯನ್ನು ತೊಳೆಯಿತು. ಈ ಸಂಗತಿಯನ್ನು ಕೇಳಿದ ದಿನ ನಾನು ಉಪನಿಷತ್ತಿನ ಹೊಸ ಮಂತ್ರವೊಂದನ್ನು ಕೇಳಿದವನಂತೆ ಮನೆಗೆ ನಡೆದು ಬಂದೆನು.

ಚೌಳೆಂದರೆ ಸಿರುಗುಪ್ಪದ ರೈತನಿಗೆ ಶತ್ರು. ತುಂಗಭದ್ರೆಯ ಕಾಲುವೆ ಬಂದು ಭತ್ತದ ಸೀಮೆಯಾದ ಮೇಲೆ, ನೀರು ನಿಂತ ಎರೆಹೊಲಗಳಲ್ಲಿ ಬಿಳಿಯ ಚೌಳು ಮೇಲೆದ್ದು ಪೈರನ್ನು ಸುಟ್ಟುದನ್ನು ಅಲ್ಲಿಯ ಮನೆಗಳು ಬಲ್ಲವು. ಒಬ್ಬನ ಹೊಲವನ್ನು ಕೆಡಿಸುವ ವಸ್ತುವಿನಿಂದಲೇ ಇನ್ನೊಬ್ಬನು ಅನ್ನ ದುಡಿಯುತ್ತಿದ್ದನು. ವಸ್ತುವಿನಲ್ಲಿ ಶುದ್ಧಿಯೂ ಇಲ್ಲ, ಅಶುದ್ಧಿಯೂ ಇಲ್ಲ. ಅದು ಎಲ್ಲಿದೆ, ಏನು ಮಾಡುತ್ತಿದೆ ಎಂಬುದರಲ್ಲಿ ಮಾತ್ರ ಉಂಟೆಂದು ತೋರುವುದು.

ಇನ್ನು ಸಾಬೂನಿನ ಸ್ವಭಾವವನ್ನು ಹೇಳಬೇಕು. ತರ್ಕಸಂಗ್ರಹವನ್ನು ಓದಿದವರಿಗೆ ಸ್ನೇಹವೆಂಬ ಗುಣದ ನೆನಪಿರಬಹುದು. ಹಿಟ್ಟು ಮೊದಲಾದುವನ್ನು ಮುದ್ದೆಗಟ್ಟಿಸುವ ಗುಣವೇ ಸ್ನೇಹ. ಅದು ಜಲದಲ್ಲಿ ಮಾತ್ರ ಇರುವುದೆಂದು ಅನ್ನಂಭಟ್ಟನ ಮತ. ಹಾಗಾದರೆ ಎಣ್ಣೆಯಲ್ಲಿ ಕಾಣುವ ಸ್ನೇಹವು ಯಾರದು? ಅದೂ ಎಣ್ಣೆಯೊಳಗಿನ ಜಲಾಂಶದ್ದೇ, ಅಲ್ಲಿ ಅತಿಶಯವಾಗಿರುವುದರಿಂದ ಬೆಂಕಿಗೆ ಅನುಕೂಲವಾಗುವುದೆಂದು ನೈಯಾಯಿಕರು ಸಮಾಧಾನ ಹೇಳುವರು. ಪಾಠಶಾಲೆಯಲ್ಲಿ ನಾನು ಎದ್ದು, "ಎರಡರಲ್ಲಿಯೂ ಇರುವುದು ಜಲದ ಸ್ನೇಹವೇ ಆದರೆ ಎಣ್ಣೆ ನೀರಿನೊಡನೆ ಬೆರೆಯದೇಕೆ?" ಎಂದು ಕೇಳಿದೆನು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾಯಾದಿಗಳು ಬೆರೆಯುವುದನ್ನು ಎಲ್ಲಿಯಾದರೂ ನೋಡಿದ್ದೀಯಾ?" ಎಂದರು. ತರಗತಿಯೆಲ್ಲ ನಕ್ಕಿತು. ಉತ್ತರ ಮಾತ್ರ ದೊರೆಯಲಿಲ್ಲ.

ಉತ್ತರವಿದು. ನೀರಿನ ಅಣುವಿನಲ್ಲಿ ಒಂದು ಕಡೆ ಧನವಿದ್ಯುತ್ತಿನ ಒಲವು, ಇನ್ನೊಂದು ಕಡೆ ಋಣದ ಒಲವು. ಆದುದರಿಂದ ನೀರಿನ ಅಣುಗಳು ತಮ್ಮ ತಮ್ಮಲ್ಲಿ ಕೈಹಿಡಿದುಕೊಂಡಿರುತ್ತವೆ. ಎಣ್ಣೆಯ ಇಂಗಾಲದ ಸರಪಳಿಗೆ ಅಂಥ ಕೈಗಳಿಲ್ಲ. ನೀರು ಅದನ್ನು ಒಳಗೆ ಸೇರಿಸದೆ ಹೊರಗೆ ನೂಕುತ್ತದೆ. ಸಾಬೂನಿನ ಅಣುವಾದರೋ ಎರಡು ಸ್ವಭಾವಗಳದು. ಅದರ ಉದ್ದ ಒಂದು ಮಿಲಿಮೀಟರಿನ 10 ಲಕ್ಷ ಭಾಗಗಳಲ್ಲಿ ಸುಮಾರು ಎರಡು ಭಾಗ. 12ರಿಂದ 18 ಇಂಗಾಲದ ಪರಮಾಣುಗಳ ಉದ್ದನೆಯ ಬಾಲವು ಎಣ್ಣೆಯ ಜಾತಿಗೆ ಸೇರಿದ್ದು. ಸೋಡಿಯಂ ಇರುವ ತಲೆಯು ನೀರಿನ ಜಾತಿಗೆ ಸೇರಿದ್ದು. ಜಿಡ್ಡಿನ ಕಣವು ಎದುರಾದೊಡನೆ ನೂರಾರು ಅಣುಗಳು ಅದನ್ನು ಸುತ್ತುವರಿದು, ಬಾಲಗಳನ್ನು ಜಿಡ್ಡಿನೊಳಗೆ ಊರಿ, ತಲೆಗಳನ್ನು ನೀರಿನ ಕಡೆಗಿಟ್ಟು ನಿಲ್ಲುತ್ತವೆ. ಆಗ ಜಿಡ್ಡು ನೀರಿನಲ್ಲಿ ತೇಲಿ ಹೊರಡುವುದು. ಹಾಲಿನಲ್ಲಿ ಬೆಣ್ಣೆಯು ಸಣ್ಣ ಕಣಗಳಾಗಿ ಹರಡಿಕೊಂಡಿರುವಂತೆ, ಒಗೆದ ನೀರಿನಲ್ಲಿ ಕೊಳೆ ಹರಡಿಕೊಂಡಿರುವುದು. ಸಂಸ್ಕೃತದಲ್ಲಿ ಸ್ನೇಹವೆಂದರೆ ಜಿಡ್ಡೂ ಹೌದು, ಒಲವೂ ಹೌದು. ಸಾಬೂನು ಕೊಳೆಯನ್ನು ಒಲಿದೇ ಹಿಡಿಯುತ್ತದೆ. ಜಿಡ್ಡನ್ನು ದೂರ ನಿಲ್ಲೆಂದರೆ ಅದು ಬಟ್ಟೆಯಲ್ಲೇ ನಿಲ್ಲುವುದು.

ಕೊಬ್ಬಿಗೂ ಕ್ಷಾರಕ್ಕೂ ನಡುವೆ ನಡೆಯುವುದೇನೆಂಬುದನ್ನು ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಜ್ಞನು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟಪಡಿಸಿದನು. ನಮ್ಮ ನಾಡಿನಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆ 1916ರಲ್ಲಿಯೂ ಸರ್ಕಾರದ ಸಾಬೂನಿನ ಕಾರ್ಖಾನೆ 1918ರಲ್ಲಿಯೂ ಬೆಂಗಳೂರಿನಲ್ಲಿ ತೊಡಗಿದುವು. ಯುದ್ಧದಿಂದಾಗಿ ಗಂಧದ ಮರದ ರಫ್ತು ನಿಂತಿದ್ದ ಕಾಲವದು. ನಾಲ್ವಡಿ ಕೃಷ್ಣರಾಜ ಒಡೆಯರೂ ಸರ್ ಎಂ. ವಿಶ್ವೇಶ್ವರಯ್ಯನವರೂ ಮನಸ್ಸು ಮಾಡಿ, ಎಸ್. ಜಿ. ಶಾಸ್ತ್ರಿಗಳನ್ನು ಈ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಕಳುಹಿಸಿದ್ದರು. ಸೋಸಲೆ ಗರಳಪುರಿಯ ಶಾಸ್ತ್ರಿಯೊಬ್ಬರು ಸಮುದ್ರ ದಾಟಿ ಸಾಬೂನು ಮಾಡುವುದನ್ನು ಕಲಿತು ಬಂದರೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುವುದು. ನಮ್ಮ ಮನೆಯಲ್ಲಿ ಮಾತ್ರ ಬಹುಕಾಲ ಕಡಲೆಹಿಟ್ಟೂ ಸೀಗೆಪುಡಿಯೂ ಅಂಟುವಾಳವೂ ನಡೆದುವು. ಸಾಬೂನೆಂದರೆ ಅದರಲ್ಲಿ ಯಾವ ಪ್ರಾಣಿಯ ಕೊಬ್ಬೋ ಎಂಬ ಶಂಕೆ. ತೊಳೆಯುವ ವಸ್ತುವೇ ಮೈಲಿಗೆ, ತೊಳೆಯುವ ಮನುಷ್ಯಳೂ ಮೈಲಿಗೆ!

ಶಾಸ್ತ್ರವು ಏನು ಹೇಳುವುದೆಂದು ಕೇಳುವವರಿರಬಹುದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಬಟ್ಟೆ ತೊಳೆಯುವ ಕ್ರಮವು ಕುತೂಹಲಕರವಾಗಿದೆ. ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಕುತಪವೆಂಬ ಕಂಬಳಿಗೆ ಅಂಟುವಾಳ, ನಾರುಬಟ್ಟೆಗೆ ಬಿಳಿಸಾಸಿವೆ. ಎಂಟನೆಯ ಅಧ್ಯಾಯವು ಅಗಸನು ಬೂರುಗದ ನುಣುಪಾದ ಹಲಗೆಯ ಮೇಲೆ ಮೆಲ್ಲಗೆ ಒಗೆಯಬೇಕೆಂದು ವಿಧಿಸುತ್ತದೆ. (ಈ ವಿಧಿಯನ್ನು ನಮ್ಮ ಕಡೆಯ ಒಗೆಯುವ ಕಲ್ಲುಗಳು ಎಂದೂ ಕೇಳಿದಂತಿಲ್ಲ, ಗುಂಡಿಗಳ ಗತಿಯನ್ನು ನೋಡಿದರೆ ತಿಳಿಯುವುದು.) ಅದೇ ಐದನೆಯ ಅಧ್ಯಾಯದಲ್ಲಿ ಕಸುಬುದಾರನ ಕೈ ಸದಾ ಶುದ್ಧವೆಂಬ ಮಾತುಂಟು, ಎಲ್ಲ ಶೌಚಗಳಲ್ಲಿ ಹಣಕಾಸಿನ ಶೌಚವೇ ಮೇಲು, ಅದರಲ್ಲಿ ಶುಚಿಯಾದವನೇ ಶುಚಿ, ಮಣ್ಣು ನೀರುಗಳಿಂದ ಶುಚಿಯಾದವನಲ್ಲ ಎಂಬ ಮಾತೂ ಉಂಟು. ಆದರೆ ಅತ್ರಿಸ್ಮೃತಿಯು ಅಂತ್ಯಜರನ್ನು ಎಣಿಸುವಾಗ ರಜಕನನ್ನೇ ಮೊದಲು ಹೆಸರಿಸುತ್ತದೆ. ಎರಡೂ ಶಾಸ್ತ್ರದಲ್ಲಿವೆ. ನಾವು ಯಾವುದನ್ನು ಬಾಯಿಪಾಠ ಮಾಡಿದೆವು, ಯಾವುದನ್ನು ಬಾಳಿದೆವು ಎಂಬುದು ಶಾಸ್ತ್ರದ ತಪ್ಪಲ್ಲ, ನಮ್ಮ ಆಯ್ಕೆ. ಹಣಕಾಸಿನ ಶೌಚದ ಮಾತು ಬಂದುದರಿಂದ ಹೇಳುವೆನು: ಆ ಅಜ್ಜಿಗೆ ನಮ್ಮ ಮನೆಯಿಂದ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಕೆಲವು ಸೇರು ಜೋಳ, ಹಬ್ಬದಲ್ಲಿ ಉಳಿದ ಅನ್ನ. ಜೋಳವನ್ನು ಅಳೆಯುವಾಗ ಸೇರು ತುಂಬುತ್ತಿದ್ದಿತೇ ಎಂದು ನಾನು ನೋಡಿದವನಲ್ಲ.

ನನ್ನ ಸಹಾಧ್ಯಾಯಿಯೊಬ್ಬರೊಡನೆ ಈ ವಿಷಯ ಮಾತಾಡಿದೆನು. ಅವರ ವಾದವನ್ನು ಅವರಿಗೆ ಅನ್ಯಾಯವಾಗದಂತೆ ಬರೆಯುವೆನು. "ಕೊಳೆಯನ್ನು ಮುಟ್ಟುವವನಿಗೆ ಕೊಳೆ ಹತ್ತುವುದು ಪ್ರತ್ಯಕ್ಷ. ಮಡಿಯಲ್ಲಿ ದ್ವೇಷವಿಲ್ಲ, ಎಚ್ಚರವುಂಟು. 2020ರಲ್ಲಿ ಕೊರೋನಾ ಬಂದಾಗ ಲೋಕವೆಲ್ಲ ದೂರ ನಿಂತಿತಲ್ಲ? ಹಿರಿಯರ ಮಡಿಯನ್ನು ಆಗ ಯಾರೂ ನಗಲಿಲ್ಲ." ಇದರಲ್ಲಿ ಸತ್ಯಾಂಶವಿದೆ. ನನ್ನ ತಾಯಿಯ ಮನಸ್ಸಿನಲ್ಲಿ ದ್ವೇಷವಿರಲಿಲ್ಲವೆಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆನು. ಆ ಅಜ್ಜಿ ಜ್ವರದಲ್ಲಿ ಮಲಗಿದಾಗ ಗಂಜಿ ಕಳುಹಿಸಿದವರೂ ಅವರೇ. ಆದರೆ ಕೊರೋನಾದ ಕಾಲದಲ್ಲಿ ನಾವು ಒಬ್ಬರಿಗೊಬ್ಬರು ದೂರವಾಗಿದ್ದೆವು. ನನ್ನಿಂದ ನಿನಗೂ, ನಿನ್ನಿಂದ ನನಗೂ ಭಯ. ಆ ರೋಗಾಣುವಿನ ಹೊರಗಿನ ಜಿಡ್ಡಿನ ಪೊರೆಯನ್ನು ಸಾಬೂನು ಒಡೆಯುತ್ತಿದ್ದುದರಿಂದ ಕೈ ತೊಳೆದವನ ಕೈ ಶುದ್ಧವಾಗುತ್ತಿದ್ದಿತು. ರೋಗ ಹಿಮ್ಮೆಟ್ಟಿದ ಮೇಲೆ ದೂರವೂ ಮುಗಿಯಿತು. ಮಡಿವಾಳರ ಅಜ್ಜಿ ದಿನವಿಡೀ ಕ್ಷಾರದ ನೀರಿನಲ್ಲಿ ಕೈ ಅದ್ದುತ್ತಿದ್ದಳು. ಊರಿನಲ್ಲಿ ಆಕೆಯದಕ್ಕಿಂತ ತೊಳೆದ ಕೈ ಇನ್ನಾವುದಿದ್ದಿತು? ಆದರೂ ಆಕೆಯ ದೂರ ಮುಗಿಯಲೇ ಇಲ್ಲ. ಯಾವ ನೀರಿನಿಂದಲೂ ಹೋಗದ ಮೈಲಿಗೆಯು ಕೊಳೆಯಲ್ಲ. ಅದಕ್ಕೆ ಬೇರೆ ಹೆಸರುಂಟು.

ಇಲ್ಲಿ ನಾನೇ ಒಂದು ತಪ್ಪಿಗೆ ಬೀಳುವಂತಿದ್ದೆನು. ಸಾಬೂನು ತಾನು ಕರಗಿ ಅನ್ಯರನ್ನು ಶುದ್ಧಗೊಳಿಸುವಂತೆ ಮಡಿವಾಳನು ತ್ಯಾಗಿಯೆಂದು ಹೊಗಳಿ ಈ ಪ್ರಬಂಧವನ್ನು ಮುಗಿಸಬಹುದಾಗಿದ್ದಿತು. ಸಭೆಗಳಲ್ಲಿ ಇಂಥ ಹೋಲಿಕೆಗೆ ಚಪ್ಪಾಳೆ ಬೀಳುವುದು. ಆದರೆ ಸಾಬೂನಿಗೆ ಮನಸ್ಸಿಲ್ಲ, ಸೊಂಟನೋವಿಲ್ಲ, ಮಕ್ಕಳಿಲ್ಲ. ಮನುಷ್ಯನನ್ನು ಸಾಬೂನೆಂದು ಹೊಗಳುವವನು ಅವನನ್ನು ಹಳ್ಳದ ದಂಡೆಯಲ್ಲಿಯೇ ಬಿಟ್ಟು ಬರುವನು. ಅಂಗಳದಾಚೆಯ ಕಲ್ಲನ್ನು ಪೀಠವೆಂದು ಕರೆದರೂ ಅದು ಅಂಗಳದಾಚೆಯೇ ಇರುವುದಷ್ಟೆ.

ಸಾಬೂನಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿಯುಂಟು. ಸಾಬೂನು ಕೊಳೆಯನ್ನು ನಾಶಮಾಡುವುದಿಲ್ಲ, ಸ್ಥಳ ಬದಲಿಸುತ್ತದೆ. ಬಟ್ಟೆಯಿಂದ ನೀರಿಗೆ, ನೀರಿನಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಜಾಲಾಡುವ ನೀರು ಸಾಲದೆ ಹೋದರೆ ಬಿಟ್ಟ ಕೊಳೆ ಮರಳಿ ಬಟ್ಟೆಗೇ ಹತ್ತುವುದು. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶವನ್ನು ಕೂಡಿ ನೊರೆಗೆ ಬದಲು ಬೂದು ಕೆನೆಯಾಗುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಈ ತೊಡಕನ್ನು ಕಳೆದುದು ಡಿಟರ್ಜೆಂಟ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಕೊಬ್ಬಿಗೆ ಬರ ಬಂದು ಇಂಥ ವಸ್ತುಗಳ ಶೋಧ ತೊಡಗಿತು. ಮುಂದೆ ಪೆಟ್ರೋಲಿಯಂ ಎಣ್ಣೆಯಿಂದ ಇವನ್ನು ಹೇರಳವಾಗಿ ಮಾಡಿದರು. ನಮ್ಮ ದೇಶಕ್ಕೆ ಸರ್ಫ್ 1959ರಲ್ಲಿ ಬಂದಿತು. 1969ರಲ್ಲಿ ಹುಟ್ಟಿದ ಅಗ್ಗದ ನಿರ್ಮಾ ಪುಡಿಯು ಹಳ್ಳಿಯ ಮನೆಗಳನ್ನೂ ಹೊಕ್ಕಿತು. ಗಡಸು ನೀರಿನಲ್ಲಿಯೂ ನೊರೆ! ಆದರೆ ಯುರೋಪಿನಲ್ಲಿ 1950ರ ದಶಕದಲ್ಲಿ ನದಿಗಳ ಮೇಲೆ ಆ ನೊರೆ ಬೆಟ್ಟದಂತೆ ನಿಂತಿತು. ಆ ಅಣುಗಳ ಬಾಲವು ಕವಲೊಡೆದುದಾಗಿದ್ದು, ನೀರಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಜೀರ್ಣಿಸಲಾರದೆ ಹೋದುವು. 1960ರ ದಶಕದಲ್ಲಿ ಕವಲಿಲ್ಲದ ನೇರ ಬಾಲದ ಅಣುಗಳನ್ನು ಮಾಡಿದ ಮೇಲೆ ನೊರೆ ತಗ್ಗಿತು. ಗಡಸು ಕಳೆಯಲು ಸೇರಿಸುವ ಫಾಸ್ಫೇಟು ಕೆರೆಗೆ ಹೋಗಿ ಪಾಚಿಗೆ ಗೊಬ್ಬರವಾಯಿತು. ಪಾಚಿ ಕೊಳೆತು ನೀರಿನ ಆಮ್ಲಜನಕವನ್ನು ನುಂಗಿ ಮೀನು ಸತ್ತಿತು. ನಮ್ಮ ಮನೆಯ ಬಿಳುಪನ್ನು ಯಾವುದೋ ಕೆರೆಯ ಲೆಕ್ಕದಲ್ಲಿ ಬರೆದಿಡಲಾಗಿರುತ್ತದೆ. ಸಿರುಗುಪ್ಪದಲ್ಲಿದ್ದಾಗ ಹುಡುಗರನ್ನು ಕೆಂಚನಗುಡ್ಡದ ಹೊಳೆಗೆ ಕರೆದೊಯ್ದು ಸ್ನಾನಸಂಕಲ್ಪದ ಅರ್ಥವನ್ನು ಹೇಳಿಕೊಡುತ್ತಿದ್ದೆನು. ಮೇಲಿನ ಊರುಗಳ ನೀರು ಅದರಲ್ಲಿ ಎಷ್ಟಿದೆಯೆಂದು ಯಾವ ಹುಡುಗನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ನಾನು ವಾಸವಾಗಿರುವ ಬಳ್ಳಾರಿಯು ಜೀನ್ಸ್ ಉಡುಪಿಗೆ ಹೆಸರಾದ ನಗರ. ಈ ಉದ್ಯಮದ ವಿಚಿತ್ರವನ್ನು ನೋಡಿರಿ. ನೀಲಿಯ ಬಣ್ಣವು ನೀರಿನಲ್ಲಿ ಕರಗದು. ಕ್ಷಾರದಲ್ಲಿ ಅದರ ರೂಪವನ್ನು ಬದಲಿಸಿ ಕರಗಿಸಿ, ನೂಲನ್ನು ಅದ್ದಿ ಗಾಳಿಗೆ ಹಿಡಿದಾಗ ಅದು ಮತ್ತೆ ನೀಲಿಯಾಗಿ ನೂಲಿನ ಹೊರಮೈಗೆ ಮಾತ್ರ ಅಂಟಿಕೊಳ್ಳುವುದು. ಒಳಗಿನ ಎಳೆ ಬೆಳ್ಳಗೇ ಉಳಿಯುವುದು. ಇಷ್ಟು ಕಷ್ಟಪಟ್ಟು ಬಣ್ಣ ಹಾಕಿದ ಹೊಸ ಬಟ್ಟೆಯನ್ನು ಆ ಮೇಲೆ ಹಗುರಾದ ರಂಧ್ರಗಲ್ಲುಗಳೊಡನೆ ಯಂತ್ರದಲ್ಲಿ ತಿರುಗಿಸಿ, ಮದ್ದು ಹಾಕಿ, ಒಗೆದು, ಹಳೆಯದಾಗಿ ಕಾಣುವಂತೆ ಮಾಡುವರು. ಹಳೆಯ ಬಟ್ಟೆಯನ್ನು ಹೊಸದರಂತೆ ಮಾಡಿದವಳಿಗೆ ಕೆಲವು ಸೇರು ಜೋಳ. ಹೊಸದನ್ನು ಹಳೆಯದರಂತೆ ಮಾಡಿದರೆ ಅದಕ್ಕೆ ಹೆಚ್ಚಿನ ಬೆಲೆ!

ಕಳೆದ ವರ್ಷ ಒಂದು ಸಂಜೆ, ಸಿರುಗುಪ್ಪದಲ್ಲಿ ನನ್ನ ಬಳಿ ಓದಿದ್ದ ಹುಡುಗನೊಬ್ಬನು ತನ್ನ ಮದುವೆಯ ಕರೆಯೋಲೆಯನ್ನು ಹಿಡಿದು ಮನೆಗೆ ಬಂದನು. ಈಗ ಬಳ್ಳಾರಿಯ ಒಂದು ಒಗೆತದ ಘಟಕದಲ್ಲಿ ಕೆಲಸವೆಂದನು. ಅವನು ಕುರುಗೋಡಿನ ಆ ಅಜ್ಜಿಯ ಮರಿಮಗನೆಂದು ಮಾತಿನ ನಡುವೆ ತಿಳಿಯಿತು. ಶಾಲೆಯಲ್ಲಿದ್ದಾಗ ನಾನು ವಿಚಾರಿಸಿರಲಿಲ್ಲ. ಒಳಗೆ ಬಾ ಎಂದರೆ ಮೆಟ್ಟಿಲ ಮೇಲೆಯೇ ನಿಂತು, "ಇಲ್ಲೇ ನಿಂದ್ರತೀನಿ ಸಾರ್" ಎಂದನು. ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆನು. ಆಗ ಕಂಡಿತು: ಮುಂಗೈವರೆಗೆ ನೀಲಿ, ಉಗುರಿನ ಸುತ್ತ ಕಪ್ಪೆನಿಸುವಷ್ಟು ನೀಲಿ. ನನ್ನ ಮನೆಯಾಕೆ ಕಾಫಿ ತಂದುಕೊಟ್ಟಾಗ ಲೋಟಕ್ಕೆ ಬಣ್ಣ ಹತ್ತೀತೆಂದು ಕರವಸ್ತ್ರ ಸುತ್ತಿ ಹಿಡಿದುಕೊಂಡನು. ಅದು ಹತ್ತುವ ಬಣ್ಣವಲ್ಲವೆಂದು ಇಬ್ಬರೂ ಬಲ್ಲೆವು.

ಅವನ ಮುತ್ತಜ್ಜಿಗೆ ನಾನು ಆಡಿದ ಮಾತನ್ನು ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತು. ಮದುವೆಯ ಕರೆಯೋಲೆ ಹಿಡಿದು ಬಂದವನಿಗೆ ನನ್ನ ಹೊರೆಯನ್ನು ಹೊರಿಸುವುದು ಸರಿಯಲ್ಲವೆಂದೋ, ಅಥವಾ ಧೈರ್ಯ ಸಾಲದೆಯೋ, ಹೇಳಲಿಲ್ಲ. ಆ ನೀಲಿ ನೀರು ಕೊನೆಗೆ ಎಲ್ಲಿಗೆ ಹೋಗುವುದೆಂದು ಮಾತ್ರ ಕೇಳಿದೆನು. "ತೊಟ್ಟಿಗೆ ಬಿಡ್ತಾರ ಸಾರ್. ಅಲ್ಲಿಂದಾಚೆ ನನಗ ಗೊತ್ತಿಲ್ಲ" ಎಂದನು. ಸ್ವಲ್ಪ ಹೊತ್ತಿನ ಮೇಲೆ, "ಈ ಕೈ ಬಣ್ಣ ಯಾವ ಸೋಪಿಗೂ ಹೋಗವಲ್ದು ಸಾರ್. ನೀವು ಓದಿದೋರು, ಏನಾರ ಉಪಾಯ ಐತೇನು?" ಎಂದು ಕೇಳಿದನು.

ನೀಲಿಯು ಚರ್ಮದ ಮೇಲುಪದರಿಗೆ ಅಂಟಿರುತ್ತದೆ, ಆ ಪದರು ತಾನಾಗಿ ಉದುರಿ ಹೊಸದು ಬಂದಾಗ ಹೋಗುವುದು, ಅದಕ್ಕೆ ಎರಡು ವಾರವಾದರೂ ಕೈಯನ್ನು ಆ ನೀರಿಗೆ ಹಾಕದಿರಬೇಕು ಎಂದು ಹೇಳಿದೆನು. ಅವನು ಬೆರಳು ಮಡಿಸಿ ಎಣಿಸಿದನು. ಮದುವೆಗೆ ಅವನಿಗೆ ದೊರೆತಿದ್ದುದು ನಾಲ್ಕು ದಿನದ ರಜೆ. ಅದರಲ್ಲಿ ಮೊದಲನೆಯ ದಿನವೇ ಅರಿಸಿನ ಹಚ್ಚುವುದು.